ಅಗ್ಗದ ಎಲೆ, ಅವಸರದ ಮರ: ಹೊರಗಿನ ಕಾಂಡ್ಲಾ ಸ್ಥಳೀಯ ಕಾಂಡ್ಲಾವನ್ನು ಮೀರಿ ಬೆಳೆಯುವುದು ಹೇಗೆ?

ಪ್ರಶ್ನೆ: ಸುಂದರಬನದ ಮರವೊಂದನ್ನು ಚೀನದವರು ಒಯ್ದು ನೆಟ್ಟರು, ಅದು ಅಲ್ಲಿನ ಸ್ಥಳೀಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಹಿಂದೆ ಹಾಕಿ ಬೆಳೆದುಬಿಟ್ಟಿತು, ಇದಕ್ಕೆ ಅದರ ಎಲೆಯ ಗುಣವೇ ಕಾರಣ ಎಂದು ಓದಿದೆ. ಎಲೆಯಲ್ಲಿ ಅಂಥದ್ದೇನಿರುತ್ತದೆ? ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಅಳೆದು ನೋಡಲು ಸಾಧ್ಯವೇ? ಅಘನಾಶಿನಿ ಹಿನ್ನೀರಿನಲ್ಲಿ ಗಜನಿ (ಉಪ್ಪುನೆಲದ ಗದ್ದೆ) ಕಟ್ಟೆಯ ಪಕ್ಕ ಇದೇ ಮರ ನೆಟ್ಟರೆ ಕಟ್ಟೆಗೆ ಬೇಗ ರಕ್ಷಣೆ ಸಿಗುವುದಿಲ್ಲವೇ?
– ಕುಮಟಾ ತಾಲ್ಲೂಕಿನ ಒಬ್ಬ ಓದುಗರು

ಉತ್ತರ: ನೀವು ಓದಿದ ಮರ ಸೊನ್ನೆರೇಷಿಯಾ ಅಪೆಟಾಲ. ಬಂಗಾಳಿಯಲ್ಲಿ ಕೇವ್ಡಾ ಎನ್ನುತ್ತಾರೆ. ಹೆಸರು ಕೇಳಿ ನಮ್ಮ ಕೇದಗೆ ಎಂದುಕೊಳ್ಳಬೇಡಿ, ಎರಡಕ್ಕೂ ಸಂಬಂಧವೇ ಇಲ್ಲ. 'ಅಪೆಟಾಲ' ಎಂದರೆ ದಳವಿಲ್ಲದ್ದು. ಹೂವಿಗೆ ದಳಗಳಿಲ್ಲ, ಪರಾಗ ಹಿಡಿಯುವ ತುದಿ, ಅಂದರೆ ಶಲಾಕಾಗ್ರ, ಮಾತ್ರ ಕೊಡೆಯ ಹಾಗೆ ಅಗಲವಾಗಿರುತ್ತದೆ. ಇದನ್ನು 1985ರಲ್ಲಿ ಬಾಂಗ್ಲಾದೇಶದ ಸುಂದರಬನದಿಂದ ಚೀನದ ಹೈನಾನ್ ದ್ವೀಪದ ದೊಂಗ್‌ಝಾಯ್ ಕೊಲ್ಲಿಗೆ ಒಯ್ದರು. 1993ರಲ್ಲಿ ಅಲ್ಲಿಂದ ಶೆನ್‌ಝೆನ್‌ನ ಫುತಿಯನ್‌ಗೆ, ಆಮೇಲೆ ಗ್ವಾಂಗ್‌ಡೊಂಗ್ ಕರಾವಳಿಯ ಉದ್ದಕ್ಕೂ ನೆಟ್ಟರು. 1999ರಲ್ಲಿ ಮೆಕ್ಸಿಕೊದ ಲಾ ಪಾಜ್‌ನಿಂದ ಇನ್ನೊಂದು ಮರ ಬಂತು. ಅದು ಬಿಳಿ ಮ್ಯಾಂಗ್ರೋವ್ ಎಂದು ಕರೆಯುವ ಲಗುಂಕುಲೇರಿಯಾ ರೆಸಿಮೋಸ. ಈ ಎರಡರ ಎದುರು ಇರುವ ಸ್ಥಳೀಯ ಗಿಡಗಳಲ್ಲಿ ಮುಖ್ಯವಾದದ್ದು ಕಾಂಡೇಲಿಯಾ ಒಬೊವಾಟ. ಇದು ನಮಗೆ ದೂರದ್ದೇನಲ್ಲ. ನಮ್ಮ ಹೊಳೆದಡದ ಕಾಂಡೇಲಿಯಾ ಕಾಂಡೆಲ್ ಮತ್ತು ಚೀನದ ಈ ಗಿಡ ಎರಡೂ ಒಂದೇ ಎಂದು ಬಹುಕಾಲ ಎಣಿಸಿದ್ದರು, 2003ರಲ್ಲಿ ಅದನ್ನು ಬೇರೆ ಪ್ರಭೇದವಾಗಿ ವಿಂಗಡಿಸಿದರು. ಕಾಂಡೇಲಿಯಾ ಎಂಬ ಹೆಸರು ಬಂದದ್ದೇ ಮಲಬಾರಿನ 'ಕಂಡಲ್' ಪದದಿಂದ, ನಮ್ಮ 'ಕಾಂಡ್ಲಾ' ಅದರ ಒಡಹುಟ್ಟು.

ಈಗ ಎಲೆಯ ವಿಷಯ. ಹೊರಗಿನ ಮರದ ಎಲೆ ಹೆಚ್ಚು ಗಟ್ಟಿ, ಹೆಚ್ಚು ಬಲಶಾಲಿ ಎಂದು ಹಲವರು ತಿಳಿಯುತ್ತಾರೆ. ನಿಜ ತಿರುಗಾಮುರುಗ. ಅದರ ಎಲೆ ಅಗ್ಗದ ಎಲೆ. ಕಡಿಮೆ ಖರ್ಚಿನಲ್ಲಿ ಕಟ್ಟಿದ್ದು, ಬೇಗ ದುಡಿಯುವಂಥದ್ದು, ಬೇಗ ಉದುರುವಂಥದ್ದು. ಕರಾವಳಿಯ ಮನೆಗಳನ್ನೇ ನೆನಪಿಸಿಕೊಳ್ಳಿ. ಹಂಚಿನ ಮಾಡಿಗೆ ಮರಮುಟ್ಟು ಬೇಕು, ಹಣ ಬೇಕು, ತಿಂಗಳುಗಟ್ಟಲೆ ಕೆಲಸ. ಒಮ್ಮೆ ಕಟ್ಟಿದರೆ ತಲೆಮಾರು ಬಾಳುತ್ತದೆ. ತೆಂಗಿನ ಮಡಲಿನ ಮಾಡು ಒಂದೆರಡು ದಿನದಲ್ಲಿ ಏಳುತ್ತದೆ, ಮುಂದಿನ ಮಳೆಗಾಲಕ್ಕೆ ಮುಂಚೆ ಮತ್ತೆ ಹೊದಿಸಬೇಕು. ಕಾಂಡೇಲಿಯಾ ಮತ್ತು ಅದರ ಬಳಗದ ರೈಜೋಫೋರಾ, ಬ್ರುಗೇರಾಗಳದ್ದು ಹಂಚಿನ ಮಾಡು. ಕೇವ್ಡಾದ್ದು ಮಡಲಿನ ಮಾಡು. ಖಾಲಿ ಕೆಸರುಬಯಲಿನಲ್ಲಿ ಮೊದಲು ನೆರಳು ಹರಡಿದವನೇ ಗೆದ್ದ ಎನ್ನುವ ಪಂದ್ಯದಲ್ಲಿ ಮಡಲಿನ ಮಾಡು ಗೆಲ್ಲುತ್ತದೆ.

ಈ ಅಗ್ಗತನವನ್ನು ಅಳೆಯುವ ಮೊದಲ ಗೋಲು ನಿರ್ದಿಷ್ಟ ಪರ್ಣವಿಸ್ತೀರ್ಣ. ಒಂದು ಗ್ರಾಂ ಒಣ ಎಲೆಯಿಂದ ಎಷ್ಟು ಚದರ ಸೆಂಟಿಮೀಟರ್ ಎಲೆ ಹರಡಿದೆ ಎಂಬ ಲೆಕ್ಕ. ಒಂದು ಸೇರು ಅಕ್ಕಿಯ ಹಿಟ್ಟಿನಲ್ಲಿ ತೆಳ್ಳೇವು ಹೊಯ್ದರೆ ಎಷ್ಟಾಗುತ್ತದೆ, ರೊಟ್ಟಿ ತಟ್ಟಿದರೆ ಎಷ್ಟಾಗುತ್ತದೆ ಎಂದ ಹಾಗೆ. ಬೆಳಕು ಬೀಳುವುದು ಎಲೆಯ ಹರವಿನ ಮೇಲೆ, ತೂಕದ ಮೇಲಲ್ಲ. ಅದೇ ಒಂದು ಗ್ರಾಂ ಬಂಡವಾಳದಲ್ಲಿ ಹೆಚ್ಚು ಹರವು ಪಡೆದ ಗಿಡಕ್ಕೆ ಬೆಳಕಿನ ಆದಾಯವೂ ಹೆಚ್ಚು.

ಎರಡನೆಯದು ನಿರ್ಮಾಣ ವೆಚ್ಚ. ಒಂದು ಗ್ರಾಂ ಎಲೆ ಕಟ್ಟಲು ಗಿಡ ಎಷ್ಟು ಗ್ರಾಂ ಗ್ಲೂಕೋಸ್ ಸುರಿಯಬೇಕು? ಅದು ಎಲೆಯೊಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಒಂದು ಗ್ರಾಂ ಕೊಬ್ಬು ಅಥವಾ ಮೇಣಕ್ಕೆ ಸುಮಾರು 3 ಗ್ರಾಂ ಗ್ಲೂಕೋಸ್ ಬೇಕು, ಲಿಗ್ನಿನ್‌ಗೆ 2ಕ್ಕಿಂತ ಸ್ವಲ್ಪ ಹೆಚ್ಚು, ಸೆಲ್ಯುಲೋಸ್ ಮತ್ತು ಪಿಷ್ಟಕ್ಕೆ ಸುಮಾರು 1.2. ಖನಿಜ ಲವಣಗಳಿಗೆ ಹತ್ತಿರಹತ್ತಿರ ಏನೂ ಇಲ್ಲ. ರೈಜೋಫೋರಾ ಕುಟುಂಬದ ಎಲೆ ಹರಿದು ನಾಲಿಗೆಗೆ ಮುಟ್ಟಿಸಿದರೆ ಒಗರು ಬಾಯಿ ಕಟ್ಟುತ್ತದೆ. ಅದು ಟ್ಯಾನಿನ್. ಹುಳ-ಹುಪ್ಪಟೆ ತಿನ್ನದಿರಲಿ ಎಂದು ಗಿಡ ಕೂಡಿಟ್ಟ ದುಬಾರಿ ಸರಕು. ಅದರ ಮೇಲೆ ದಪ್ಪ ಮೇಣದ ಪದರ, ಗಡಸು ಗೋಡೆಯ ಕೋಶಗಳು. ಕೇವ್ಡಾದ ಎಲೆಯಲ್ಲಿ ಇವೆಲ್ಲ ಕಡಿಮೆ. ಬದಲಿಗೆ ಅದು ಸಮುದ್ರದ ಉಪ್ಪನ್ನೇ ಕೋಶದೊಳಗೆ ತುಂಬಿಕೊಂಡು ಅದರಿಂದಲೇ ನೀರೆಳೆಯುವ ಬಲ ಪಡೆಯುತ್ತದೆ. ಸಕ್ಕರೆಯೋ ಅಮೈನೋ ಆಮ್ಲವೋ ಮಾಡಿ ಕೋಶವನ್ನು ಉಬ್ಬಿಸುವುದಕ್ಕಿಂತ ಪುಕ್ಕಟೆ ಸಿಗುವ ಉಪ್ಪಿನಿಂದ ಉಬ್ಬಿಸುವುದು ಅಗ್ಗ. ಎಲೆ ಮುರಿದರೆ ಕಟಕ್ಕೆಂದು ನೀರು ತುಂಬಿದ ಸದ್ದು ಬರುವುದು ಇದಕ್ಕೇ.

ಲೆಕ್ಕ ಮಾಡಿ ತೋರಿಸಿದರೆ ಸ್ಪಷ್ಟವಾದೀತು. ಮುಂದಿನ ಅಂಕಿಗಳು ವಿಧಾನ ತೋರಿಸಲು ಹಿಡಿದವು, ಯಾವುದೋ ಒಂದು ಕಾಡಿನ ಅಳತೆ ಎಂದು ಉದ್ಧರಿಸಬೇಡಿ. 'ಅ' ಎಂಬ ಅಗ್ಗದ ಎಲೆಗೆ ಬೂದಿ ಕಳೆದ ಉಷ್ಣಮೌಲ್ಯ (ಸುಟ್ಟಾಗ ಹೊರಬರುವ ಶಾಖ) ಗ್ರಾಂಗೆ 18.5 ಕಿಲೋಜೂಲ್, ಬೂದಿ ಶೇ 15, ಸಾರಜನಕ ಶೇ 2, ಪರ್ಣವಿಸ್ತೀರ್ಣ ಗ್ರಾಂಗೆ 100 ಚದರ ಸೆಂಟಿಮೀಟರ್. 'ಆ' ಎಂಬ ದುಬಾರಿ ಎಲೆಗೆ ಅವೇ ಕ್ರಮವಾಗಿ 20, ಶೇ 8, ಶೇ 1.3, ಮತ್ತು 60. ಸೂತ್ರ ಹೀಗಿದೆ: ಉಷ್ಣಮೌಲ್ಯವನ್ನು 0.06968ರಿಂದ ಗುಣಿಸಿ 0.065 ಕಳೆಯಿರಿ. ಬಂದದ್ದನ್ನು ಬೂದಿಯಲ್ಲದ ಭಾಗದಿಂದ (ಶೇ 15 ಬೂದಿ ಇದ್ದರೆ 0.85) ಗುಣಿಸಿ. ಅದಕ್ಕೆ 7.5 × ಕೆ × ಸಾರಜನಕದ ಭಾಗ ÷ 14.0067 ಕೂಡಿಸಿ. ಕೊನೆಗೆ 0.87ರಿಂದ ಭಾಗಿಸಿ. 'ಕೆ' ಎಂಬುದು ಗಿಡ ಯಾವ ರೂಪದ ಸಾರಜನಕ ಹೀರುತ್ತದೆ ಎಂಬುದರ ಸೂಚಕ. ನೈಟ್ರೇಟ್ ಆದರೆ +5, ಅಮೋನಿಯಂ ಆದರೆ −3. ಗಾಳಿಯಿಲ್ಲದ ಕಾಂಡ್ಲಾ ಕೆಸರಿನಲ್ಲಿ ಸಿಗುವುದು ಹೆಚ್ಚಾಗಿ ಅಮೋನಿಯಂ, ಹಾಗಾಗಿ −3 ಹಾಕಬೇಕು. ಹೊಲದ ಬೆಳೆಯ ರೂಢಿಯಲ್ಲಿ +5 ಹಾಕಿಬಿಟ್ಟರೆ ಸಾರಜನಕ ಹೆಚ್ಚಿರುವ ಎಲೆಯೇ ದುಬಾರಿಯಾಗಿ ಕಂಡು ಉತ್ತರ ಅಡಿಮೇಲಾಗುವ ಸಾಧ್ಯತೆ ಇದೆ.

ಲೆಕ್ಕ ಹಾಕಿದರೆ 'ಅ' ಎಲೆಗೆ ಗ್ರಾಂಗೆ ಸುಮಾರು 1.16 ಗ್ರಾಂ ಗ್ಲೂಕೋಸ್, 'ಆ' ಎಲೆಗೆ 1.38. ಅಂತರ ದೊಡ್ಡದೇನಲ್ಲ ಅನಿಸುತ್ತದೆ. ಆದರೆ ಚದರ ಮೀಟರ್ ಎಲೆಗೆ ತಿರುಗಿಸಿ ನೋಡಿ. 'ಅ'ದಲ್ಲಿ ಒಂದು ಚದರ ಮೀಟರಿಗೆ 100 ಗ್ರಾಂ ಒಣ ಎಲೆ ಸಾಕು, ವೆಚ್ಚ 116 ಗ್ರಾಂ ಗ್ಲೂಕೋಸ್. 'ಆ'ದಲ್ಲಿ 167 ಗ್ರಾಂ ಎಲೆ ಬೇಕು, ವೆಚ್ಚ 230 ಗ್ರಾಂ. ಒಂದಕ್ಕೆ ಇನ್ನೊಂದರ ಇಮ್ಮಡಿ! ತೂಕದ ಲೆಕ್ಕದಲ್ಲಿ ಮರೆಯಾಗಿದ್ದ ವ್ಯತ್ಯಾಸ ಹರವಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ತೂಕಕ್ಕೆ ಎಷ್ಟು, ಹರವಿಗೆ ಎಷ್ಟು ಎಂದು ಎರಡನ್ನೂ ಬರೆದಿಡಬೇಕು.

ಇನ್ನು ಈ ಸಾಲ ಎಷ್ಟು ದಿನಕ್ಕೆ ತೀರುತ್ತದೆ? 'ಅ' ಎಲೆ ದಿನಕ್ಕೆ ಆರು ಗಂಟೆ, ಸೆಕೆಂಡಿಗೆ ಚದರ ಮೀಟರಿಗೆ 10 ಮೈಕ್ರೊಮೋಲ್ ಇಂಗಾಲದ ಡೈ ಆಕ್ಸೈಡ್ ಹಿಡಿದರೆ ದಿನಕ್ಕೆ ಸುಮಾರು 6.5 ಗ್ರಾಂ ಗ್ಲೂಕೋಸ್ ಗಳಿಸುತ್ತದೆ, 18 ದಿನಕ್ಕೆ ಹಾಕಿದ ಬಂಡವಾಳ ವಾಪಸ್. 'ಆ' ಎಲೆ 7 ಮೈಕ್ರೊಮೋಲ್ ಹಿಡಿದರೆ ಸುಮಾರು 51 ದಿನ. ರಾತ್ರಿಯ ಉಸಿರಾಟದ ಖರ್ಚು, ಬೇರು-ಕಾಂಡಕ್ಕೆ ಕೊಡುವ ಪಾಲು ಕಳೆದರೆ ಎರಡೂ ಉದ್ದವಾಗುತ್ತವೆ, ಅನುಪಾತ ಮಾತ್ರ ಹೆಚ್ಚು ಬದಲಾಗದು. ಸಾಲ ತೀರಿದ ಮರುದಿನದಿಂದ ಬರುವ ಗಳಿಕೆಯೆಲ್ಲ ಹೊಸ ಎಲೆಗೆ, ಹೊಸ ರೆಂಬೆಗೆ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವುದು ಹೀಗೆ. ದಿನಕ್ಕೆ ಶೇ 1.5ರ ದರದಲ್ಲಿ ಬೆಳೆಯುವ ಸಸಿ 180 ದಿನದಲ್ಲಿ ಸುಮಾರು 15 ಪಟ್ಟಾಗುತ್ತದೆ, ಶೇ 1ರ ದರದ ಸಸಿ ಬರೇ 6 ಪಟ್ಟು.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಕಾಂಡೇಲಿಯಾದ ಬೀಜ ತಾಯಿಮರದಲ್ಲೇ ಮೊಳೆತು, ಗೇಣುದ್ದದ ಮೊಳಕೆಯಾಗಿ ಕೆಳಗೆ ಬೀಳುತ್ತದೆ. ತವರಿಂದ ಕಟ್ಟಿಕೊಟ್ಟ ಬುತ್ತಿ ಅದರ ಕೈಯಲ್ಲಿರುತ್ತದೆ, ಮೊದಲ ತಿಂಗಳುಗಳನ್ನು ಆ ಬುತ್ತಿಯಲ್ಲೇ ಕಳೆಯುತ್ತದೆ. ಕೇವ್ಡಾಕ್ಕೆ ಬುತ್ತಿಯಿಲ್ಲ. ಹುಳಿ ಹಣ್ಣಿನೊಳಗೆ ಹತ್ತಾರು ಚಿಕ್ಕ ಬೀಜಗಳು, ಹಣ್ಣು ಕೊಳೆತು ಬೀಜ ಕೆಸರಿಗೆ ಅಂಟಿದ ದಿನದಿಂದಲೇ ಸ್ವಂತ ದುಡಿಮೆ. ಅಗ್ಗದ ಎಲೆ ಆ ಜೀವನಕ್ರಮದ ಅಂಗ. ಮೊದಲ ವಾರಗಳಲ್ಲಿ ಕಾಂಡೇಲಿಯಾವೇ ಎತ್ತರ, ಕೇವ್ಡಾ ಕಣ್ಣಿಗೂ ಬೀಳದು. ಒಂದೆರಡು ವರ್ಷದಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಮೂರು ತಿಂಗಳ ಪ್ರಯೋಗ ಮಾಡಿ ತೀರ್ಪು ಕೊಡಬಾರದು ಎನ್ನುವುದು ಇದಕ್ಕಾಗಿ.

ಸಾರಜನಕವನ್ನು ಎಲ್ಲಿ ಬಳಸುತ್ತದೆ ಎಂಬುದೂ ಮುಖ್ಯ. ಎಲೆಯ ಸಾರಜನಕದ ದೊಡ್ಡ ಪಾಲು ರುಬಿಸ್ಕೊ ಎಂಬ ಕಿಣ್ವದಲ್ಲಿದ್ದರೆ ಅದು ನೇರ ದುಡಿಮೆಗೆ ಹೋಯಿತು. ಕೋಶಗೋಡೆಗೆ ಕಟ್ಟಿಹಾಕಿದ್ದರೆ ಅದು ಕಾವಲಿಗೆ ಹೋಯಿತು. ಬಾಳಿಕೆಯ ಎಲೆಗಳಲ್ಲಿ ಕಾವಲಿನ ಪಾಲು ಹೆಚ್ಚು. ಹಾಗಾಗಿ ಎರಡು ಎಲೆಗಳ ಸಾರಜನಕ ಶೇಕಡಾ ಒಂದೇ ಇದ್ದರೂ ದುಡಿಮೆ ಒಂದೇ ಇರಬೇಕೆಂದಿಲ್ಲ. ಹಿಡಿದ ಇಂಗಾಲವನ್ನು ಇರುವ ಸಾರಜನಕದಿಂದ ಭಾಗಿಸಿ ನೋಡುವುದು ಇದಕ್ಕೇ.

ಎಲೆಯ ರಚನೆ ಇನ್ನೊಂದು ಕಾರಣ. ಕೇವ್ಡಾ ಮತ್ತು ಲಗುಂಕುಲೇರಿಯಾ ಎರಡರಲ್ಲೂ ಎಲೆಯ ಎರಡೂ ಮುಖಗಳಲ್ಲಿ ಪತ್ರರಂಧ್ರಗಳಿವೆ, ದುಡಿಯುವ ಕಂಬಕೋಶಗಳೂ ಎರಡೂ ಕಡೆ, ನಡುವೆ ನೀರು ತುಂಬಿದ ಅಂಗಾಂಶ. ಕಾಂಡೇಲಿಯಾ, ರೈಜೋಫೋರಾಗಳಲ್ಲಿ ಪತ್ರರಂಧ್ರ ಕೆಳಮುಖದಲ್ಲಿ ಮಾತ್ರ. ಒಂದೇ ಬಾಗಿಲಿನ ಅಂಗಡಿಗೂ ಎರಡು ಬಾಗಿಲಿನ ಅಂಗಡಿಗೂ ಇರುವ ವ್ಯತ್ಯಾಸ ಇದು. ಗಾಳಿ ಎರಡೂ ಕಡೆಯಿಂದ ಒಳಹೊಕ್ಕರೆ ದಪ್ಪ ಎಲೆಯ ಒಳಕೋಶಕ್ಕೂ ಇಂಗಾಲ ಬೇಗ ತಲುಪುತ್ತದೆ. ಕೇವ್ಡಾದ ಸಣ್ಣ ರೆಂಬೆಗಳು ಜೋತುಬೀಳುವುದರಿಂದ ಎಲೆಗಳೂ ಓರೆಯಾಗಿ ತೂಗುತ್ತವೆ, ಬೆಳಗಿನ ಬಿಸಿಲು ಒಂದು ಮುಖಕ್ಕೆ, ಸಂಜೆಯದ್ದು ಇನ್ನೊಂದಕ್ಕೆ, ನಡುಮಧ್ಯಾಹ್ನದ ಉರಿ ಎರಡಕ್ಕೂ ನೇರ ತಾಗದು. ಆದರೆ ಎರಡು ಬಾಗಿಲು ತೆರೆದರೆ ನೀರೂ ಎರಡರಿಂದ ಹೋಗುತ್ತದೆ. ಅಷ್ಟು ನೀರು ಒದಗಿಸಲು ಕಾಂಡದ ನೀರುನಾಳಗಳು ಅಗಲವಾಗಿರಬೇಕು, ಅಗಲ ನಾಳದ ಮರ ಹಗುರ. ನೆಲದ ನೀರು ತೀರ ಉಪ್ಪಾದರೆ ಇದೇ ನಾಳಗಳಲ್ಲಿ ಗಾಳಿಗುಳ್ಳೆ ಕಟ್ಟಿ ನೀರು ನಿಲ್ಲುವ ಅಪಾಯ.

ಅಂದರೆ ಅಗ್ಗದ ಎಲೆಗೆ ಬೆಲೆ ತೆರಬೇಕಾದ ಜಾಗಗಳಿವೆ. ಅವನ್ನು ಹೇಳದೆ ಗುಣ ಮಾತ್ರ ಹೇಳಿದರೆ ಅರ್ಧ ಸತ್ಯ.

ಮೊದಲನೆಯದು ನೆರಳು. ಕೇವ್ಡಾ ಸಸಿಗೆ ತುಂಬು ಬಿಸಿಲೇ ಬೇಕು. ತನ್ನದೇ ತಾಯಿಮರದ ಕೆಳಗೆ ಅದು ಮೇಲೇಳುವುದಿಲ್ಲ. ಅದೇ ನೆರಳಿನಲ್ಲಿ ಕಾಂಡೇಲಿಯಾ, ಏಜಿಸೆರಾಸ್‌ಗಳಂಥ ನಿಧಾನದ ಗಿಡಗಳು ಬದುಕುತ್ತವೆ. ಚೀನದಲ್ಲಿ ಈ ಮರವನ್ನು ಕೆಲವರು ಆಕ್ರಮಣಕಾರಿ ಎಂದೂ ಕೆಲವರು ಸ್ಥಳೀಯ ಗಿಡಗಳಿಗೆ ದಾದಿ ಎಂದೂ ವಾದಿಸುವುದು ಇದರ ಮೇಲೆಯೇ. ಝುಹಾಯ್‌ನ ಚಿ-ಆವ್ ದ್ವೀಪದಲ್ಲಿ ಇದನ್ನು ನೆಟ್ಟದ್ದು ಸ್ಪಾರ್ಟಿನಾ ಹುಲ್ಲನ್ನು ಅಡಗಿಸಲು. 1979ರಲ್ಲಿ ಅಮೆರಿಕದಿಂದ ತಂದ ಆ ಹುಲ್ಲು ಕೆಸರುಬಯಲನ್ನೆಲ್ಲ ನುಂಗಿತ್ತು. ಅದೂ ಬಿಸಿಲು ಬಯಸುವ ಹುಲ್ಲು, ಕೇವ್ಡಾದ ನೆತ್ತಿ ಕೂಡಿಕೊಂಡ ಮೇಲೆ ಸೊರಗಿತು. ಕಾಂಡೇಲಿಯಾವನ್ನು ನೇರವಾಗಿ ನೆಟ್ಟಿದ್ದರೆ ಹುಲ್ಲಿನ ಎತ್ತರ ದಾಟುವ ಮೊದಲೇ ಉಸಿರುಗಟ್ಟುತ್ತಿತ್ತು. ಆ ಒಂದು ಕೆಲಸಕ್ಕೆ ಅಗ್ಗದ ಎಲೆ ಸರಿಯಾದ ಹತಾರ ಎಂದು ಒಪ್ಪಲೇಬೇಕು.

ಎರಡನೆಯದು ಚಳಿ. 2008ರ ಆರಂಭದಲ್ಲಿ ದಕ್ಷಿಣ ಚೀನಕ್ಕೆ ಬಂದ ಶೀತದಲ್ಲಿ ಕೇವ್ಡಾ ಪೆಟ್ಟು ತಿಂದಿತು, ಕಾಂಡೇಲಿಯಾ ಒಬೊವಾಟ ಬಹುಮಟ್ಟಿಗೆ ತಡೆದುಕೊಂಡಿತು. ಫೂಜಿಯನ್ ಪ್ರಾಂತದ ಉತ್ತರ ತುದಿಯವರೆಗೆ ಸಹಜವಾಗಿ ಬೆಳೆಯುವುದು ಕಾಂಡೇಲಿಯಾ ಮಾತ್ರ.

ಮೂರನೆಯದು ತಿನ್ನುವವರು. ಗಿಡಕ್ಕೆ ಅಗ್ಗವಾದ ಎಲೆ ಪ್ರಾಣಿಗೆ ರುಚಿ. ಸುಂದರಬನದಲ್ಲಿ ಚುಕ್ಕೆ ಜಿಂಕೆಗೆ ಕೇವ್ಡಾ ಎಲೆ ಅಚ್ಚುಮೆಚ್ಚು, ಕೋತಿಗಳು ಮೇಲಿಂದ ರೆಂಬೆ ಮುರಿದು ಕೆಡಹುತ್ತವೆ, ಜಿಂಕೆಗಳು ಕೆಳಗೆ ಕಾದಿರುತ್ತವೆ. ಗ್ವಾಂಗ್‌ಡೊಂಗ್‌ನ ಕೆಸರಿನಲ್ಲಿ ಆ ಜಿಂಕೆಯೂ ಇಲ್ಲ, ಆ ಕೋತಿಯೂ ಇಲ್ಲ. ತವರಿನಲ್ಲಿ ಕಟ್ಟುತ್ತಿದ್ದ ಸುಂಕ ಪರದೇಶದಲ್ಲಿ ತಪ್ಪಿತು. ಎಲೆಯ ಗುಣವನ್ನು ಈ ಸಂದರ್ಭದಿಂದ ಬೇರ್ಪಡಿಸಿ ನೋಡಬಾರದು.

ನಾಲ್ಕನೆಯದು ಉಪ್ಪು. ಹೊಳೆಯ ಸಿಹಿನೀರು ಬೆರೆತ ಕಡೆ ಕೇವ್ಡಾ ಚೆಲ್ಲಾಡಿ ಬೆಳೆಯುತ್ತದೆ. ಸಮುದ್ರದಷ್ಟೇ ಉಪ್ಪಿರುವ ಕಡೆ ಅದರ ಮುನ್ನಡೆ ಕುಗ್ಗುತ್ತದೆ, ಅಲ್ಲಿ ಎಲೆಯ ಗ್ರಂಥಿಗಳಿಂದ ಉಪ್ಪನ್ನು ಹೊರಹಾಕುವ ಅವಿಸೆನ್ನಿಯಾ, ಅಂದರೆ ಉಪ್ಪಟಿ, ಮೇಲು.

ಲಗುಂಕುಲೇರಿಯಾದ ಬಗ್ಗೆ ಹೆಚ್ಚು ಎಚ್ಚರ ಬೇಕು. ಎಲೆಯ ತೊಟ್ಟು ಕೆಂಪಗೆ, ಅಲಗು ಸೇರುವಲ್ಲಿ ಎರಡು ಪುಟ್ಟ ಗ್ರಂಥಿಗಳು, ಗುರುತಿಸುವುದು ಸುಲಭ. ಅಗ್ಗದ ಎಲೆಯ ಜೊತೆಗೆ ನೆಟ್ಟ ಒಂದೆರಡು ವರ್ಷಕ್ಕೇ ಹೂ-ಕಾಯಿ ಬಿಡುವ ಗುಣವೂ ಇದಕ್ಕಿದೆ, ಕಾಯಿ ನೀರಿನಲ್ಲಿ ತೇಲಿ ಹೋಗುತ್ತದೆ. ಎಲೆ ಮರವನ್ನು ಎತ್ತರಕ್ಕೆ ಒಯ್ಯುತ್ತದೆ, ದೂರಕ್ಕೆ ಒಯ್ಯುವುದು ಕಾಯಿ. ಎರಡೂ ಸೇರಿದಲ್ಲಿ ಹಿಡಿತ ತಪ್ಪುತ್ತದೆ.

ಎಲ್ಲ ಕಡೆಯೂ ಎಲೆಯೇ ಕಾರಣವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 1902ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಹೂಳು ತಡೆಯಲು ರೈಜೋಫೋರಾ ಮ್ಯಾಂಗಲ್ ನೆಟ್ಟರು. ಅದರದ್ದು ಹಂಚಿನ ಮಾಡಿನ ಎಲೆ. ಆದರೂ ಹರಡಿತು, ಏಕೆಂದರೆ ಹವಾಯಿಯಲ್ಲಿ ಸ್ಥಳೀಯ ಕಾಂಡ್ಲಾವೇ ಇರಲಿಲ್ಲ, ಪಂದ್ಯಕ್ಕೆ ಎದುರಾಳಿಯೇ ಇಲ್ಲ.

ಈಗ ಅಳತೆ. ಕಾಲೇಜಿನ ಲ್ಯಾಬಿನಲ್ಲಿ ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿ, ಒಣಗಿಸುವ ಓವನ್, ಸೂಕ್ಷ್ಮದರ್ಶಕ, ಸ್ಕ್ಯಾನರ್ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಪ್ರತಿ ಜಾತಿಯಲ್ಲಿ ಕಡಿಮೆಯೆಂದರೆ 5 ಮರ, ಪ್ರತಿ ಮರದಿಂದ 10 ಎಲೆ. ಬಿಸಿಲಿಗೆ ಮೈಯೊಡ್ಡಿದ ಹೊರರೆಂಬೆಯ ತುದಿಯಿಂದ ಎರಡನೆಯ ಅಥವಾ ಮೂರನೆಯ ಜೋಡಿ, ಪೂರ್ತಿ ಹರಡಿದ, ತೂತಿಲ್ಲದ ಎಲೆ. ಬೆಳಗ್ಗೆ ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ, ಜಿಪ್ ಚೀಲದಲ್ಲಿ ತಂಪಾಗಿ ತನ್ನಿ. ಮೇಲೆ ಅಂಟಿದ ಉಪ್ಪು-ಕೆಸರನ್ನು ಸಿಹಿನೀರಿನಲ್ಲಿ ಥಟ್ಟನೆ ತೊಳೆದು ಒರೆಸಿ. ನೆನೆಹಾಕಬೇಡಿ, ಒಳಗಿನ ಉಪ್ಪು ಹೊರಬರುತ್ತದೆ. ತೊಟ್ಟು ಸೇರಿಸುತ್ತೀರೋ ಕತ್ತರಿಸುತ್ತೀರೋ ಮೊದಲೇ ತೀರ್ಮಾನಿಸಿ ಎಲ್ಲದಕ್ಕೂ ಅದನ್ನೇ ಪಾಲಿಸಿ. ಎಲೆಯನ್ನು ಗಾಜಿನಡಿ ಒತ್ತಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಹರವನ್ನು ಲೆಕ್ಕ ಹಾಕಿಕೊಡುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಗ್ರಾಫ್ ಕಾಗದದಲ್ಲಿ ಅಂಚು ಗೀಚಿ ಚೌಕ ಎಣಿಸಿದರೂ ಸಾಕು. ಆಮೇಲೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಒಣಗಿಸಿ ತೂಗಿ.

ತೂಗುವಾಗಲೇ ಹೆಚ್ಚಿನವರು ಎಡವುವುದು. ಕೇವ್ಡಾದಂಥ ಉಪ್ಪು ತುಂಬಿದ ಒಣ ಎಲೆಯನ್ನು ಕರಾವಳಿಯ ಗಾಳಿಗೆ ತೆರೆದಿಟ್ಟರೆ ಅದು ನೀರು ಹೀರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುತ್ತದಲ್ಲ, ಅದೇ. ತಕ್ಕಡಿಯ ಮೇಲಿಟ್ಟು ನೋಡುತ್ತಿದ್ದ ಹಾಗೆಯೇ ಕೊನೆಯ ಅಂಕಿ ಒಂದೊಂದಾಗಿ ಏರುತ್ತ ಹೋಗುತ್ತದೆ. ಕಾಂಡೇಲಿಯಾ ಎಲೆ ಅಷ್ಟು ಏರುವುದಿಲ್ಲ. ಹೀಗಾಗಿ ತಪ್ಪು ಎರಡೂ ಜಾತಿಗೆ ಸಮನಾಗಿ ಹಂಚುವುದಿಲ್ಲ, ಹೋಲಿಕೆಯೇ ವಾಲುತ್ತದೆ. ಓವನ್‌ನಿಂದ ತೆಗೆದೊಡನೆ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ ತಣಿಸಿ, ಒಂದೊಂದೇ ಎಲೆ ಹೊರತೆಗೆದು ಕೂಡಲೇ ತೂಗಿ.

ಉಪ್ಪು ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತದೆ. ಮೇಲಿನ ಉದಾಹರಣೆಯ 'ಅ' ಎಲೆಯ ತೂಕದಲ್ಲಿ ಶೇ 15 ಬೂದಿ, ಅದಕ್ಕೆ ಗಿಡ ಬಂಡವಾಳವನ್ನೇ ಹಾಕಿಲ್ಲ. ಬೂದಿ ಕಳೆದರೆ ಅದರ ಪರ್ಣವಿಸ್ತೀರ್ಣ ಗ್ರಾಂಗೆ 100 ಅಲ್ಲ, ಸುಮಾರು 118. 'ಆ'ದ್ದು 65. ಅಂತರ 1.67 ಪಟ್ಟಿನಿಂದ 1.8 ಪಟ್ಟಿಗೆ ಏರಿತು. ಆದ್ದರಿಂದ ಕಾಂಡ್ಲಾ ಎಲೆಗಳನ್ನು ಹೋಲಿಸುವಾಗ ಬೂದಿ ಅಳೆಯದೆ ಬಿಡಬೇಡಿ. ಮಫಲ್ ಕುಲುಮೆಯಲ್ಲಿ 550 ಡಿಗ್ರಿ, 4 ಗಂಟೆ. 600 ದಾಟಿಸಿದರೆ ಕ್ಲೋರೈಡ್ ಹಬೆಯಾಗಿ ಹೋಗಿ ಬೂದಿ ಕಡಿಮೆ ಬರುತ್ತದೆ.

ಪತ್ರರಂಧ್ರ ಎಣಿಸಲು ಬಣ್ಣವಿಲ್ಲದ ಉಗುರುಬಣ್ಣ ಸಾಕು. ಎಲೆಯ ಎರಡೂ ಮುಖಕ್ಕೆ ತೆಳ್ಳಗೆ ಬಳಿದು, ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಕಿತ್ತು, ಗಾಜಿನ ಪಟ್ಟಿಗೆ ಹಚ್ಚಿ ನೋಡಿ. 400 ಪಟ್ಟು ಹಿಗ್ಗಿಸಿದಾಗ ಕಾಣುವ ವೃತ್ತದ ವ್ಯಾಸ 0.45 ಮಿಲಿಮೀಟರ್ ಆದರೆ ಅದರ ಹರವು 0.159 ಚದರ ಮಿಲಿಮೀಟರ್. ಅದರಲ್ಲಿ 20 ರಂಧ್ರ ಎಣಿಸಿದರೆ ಚದರ ಮಿಲಿಮೀಟರಿಗೆ ಸುಮಾರು 126. ನಿಮ್ಮ ಸೂಕ್ಷ್ಮದರ್ಶಕದ ವೃತ್ತವನ್ನು ನೀವೇ ಅಳೆದುಕೊಳ್ಳಿ. ಉಪ್ಪಟಿಯ ಎಲೆಯಡಿ ರೋಮಗಳ ಹಾಸು ಇರುವುದರಿಂದ ಅದಕ್ಕೆ ಈ ವಿಧಾನ ಒಗ್ಗುವುದಿಲ್ಲ.

ಎಲೆಯ ಆಯುಸ್ಸು ತಿಳಿಯಲು ಯಂತ್ರ ಬೇಡ, ತಾಳ್ಮೆ ಬೇಕು. ಹೊಸದಾಗಿ ಬಿಚ್ಚಿದ ಎಲೆಗಳ ತೊಟ್ಟಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ತಿಂಗಳಿಗೊಮ್ಮೆ ಎಷ್ಟು ಉಳಿದಿವೆ ಎಂದು ಎಣಿಸಿ. ಕನಿಷ್ಠ ಒಂದು ವರ್ಷ. ಈ ಒಂದು ಪಟ್ಟಿ ದುಬಾರಿ ಉಪಕರಣದ ಒಂದು ಬೆಳಗಿನ ಅಳತೆಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಎಲೆ ಹಿಡಿಯುವ ಇಂಗಾಲದ ಡೈ ಆಕ್ಸೈಡ್ ಅಳೆಯುವ ಅನಿಲ ವಿಶ್ಲೇಷಕ ಸಿಕ್ಕಿದರೆ ಬೆಳಗ್ಗೆ 9ರಿಂದ 11ರ ನಡುವೆ ಅಳೆಯಿರಿ. ನಡುಮಧ್ಯಾಹ್ನ ಪತ್ರರಂಧ್ರ ಮುಚ್ಚಿಕೊಂಡು ಎಲ್ಲ ಜಾತಿಯೂ ಸೋಮಾರಿಯಾಗಿ ಕಾಣುತ್ತದೆ. ಬೇರಿನ ಬಳಿಯ ಕೆಸರುನೀರಿನ ಲವಣಾಂಶವನ್ನು ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ ಬರೆದಿಡಿ, ಭರತವೋ ಇಳಿತವೋ ಎಂಬುದನ್ನೂ.

ಇಂಥ ಹೋಲಿಕೆಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು, ಹೊಳೆಗೆ ಹತ್ತಿರದ ಹೊಸ ಮಣ್ಣಿನಲ್ಲಿ ನಿಂತ ಎಳೆಯ ಕೇವ್ಡಾವನ್ನು ಮೇಲ್ದಂಡೆಯ ಹಳೆಯ ಕಾಂಡೇಲಿಯಾಕ್ಕೆ ಹೋಲಿಸುವುದು. ಆಗ ಅಳೆದದ್ದು ಜಾಗದ ವ್ಯತ್ಯಾಸ, ಜಾತಿಯದ್ದಲ್ಲ. ಕುಂಡದ ಪ್ರಯೋಗದಲ್ಲಿ ಬರೀ ಸಿಹಿನೀರು ಅಥವಾ ತೀರ ತಿಳಿಯುಪ್ಪಿನ ನೀರು ಹಾಕಿದರೂ ಅಷ್ಟೆ, ಅವಸರದ ಮರವೇ ಗೆದ್ದಂತೆ ಕಾಣುತ್ತದೆ. ನೀರಿನ ಲವಣಾಂಶಕ್ಕೆ ಸಾವಿರಕ್ಕೆ 5, 15, 25, 35 ಎಂದು ನಾಲ್ಕು ಮಟ್ಟ ಇಡಿ. ಆಗ ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದು ಕಂಡೀತು.

ಇನ್ನು ನಿಮ್ಮ ಗಜನಿ ಕಟ್ಟೆ. ಕೇವ್ಡಾ ಬೇಡ. ನಮ್ಮ ಅಳಿವೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೊನ್ನೆರೇಷಿಯಾಗಳು ಆಲ್ಬಾ ಮತ್ತು ಕ್ಯಾಸಿಯೊಲಾರಿಸ್. ಬೇಗ ಬೆಳೆಯುವ ಗುಣವೇ ಬೇಕಿದ್ದರೆ ಅದೇ ಕುಟುಂಬದ ಸ್ಥಳೀಯ ಗಿಡ ಕಣ್ಣೆದುರೇ ಇರುವಾಗ ಹೊರಗಿನದ್ದು ಏಕೆ? ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಅವಸರದ ಮರ ಮೊದಲು ಏರುವುದು ತೆರೆದ ಕೆಸರುಬಯಲಿಗೆ. ಅಘನಾಶಿನಿಯಲ್ಲಿ ಆ ಬಯಲು ಖಾಲಿ ಜಾಗವಲ್ಲ, ಇಳಿತದ ಹೊತ್ತಿಗೆ ಹೆಂಗಸರು ಬಳಚು (ಚಿಪ್ಪುಮೀನು) ಆರಿಸುವ ಜಾಗ, ಹಕ್ಕಿಗಳು ಮೇಯುವ ಜಾಗ. ಅದರ ಮೇಲೆ ನೆತ್ತಿ ಕೂಡಿಕೊಂಡು ಕೆಸರಿನಲ್ಲಿ ಉಸಿರುಬೇರು ಮೊಳೆ ಹೊಡೆದಂತೆ ಎದ್ದರೆ ಬಳಚಿನ ಹಾಸು ಹೋಯಿತು. ಉಪ್ಪುನೀರು ತಡೆದು ಕಗ್ಗ ಭತ್ತ ಬೆಳೆಯುವ ಗದ್ದೆಯ ಕಟ್ಟೆಗೆ ಬೇಕಾದದ್ದು ಹತ್ತಾರು ವರ್ಷ ನಿಂತು ಅಲೆ ಮುರಿಯುವ ಬೇರು, ಅಂದರೆ ಹಂಚಿನ ಮಾಡಿನ ಗಿಡಗಳು.

ಉಪ್ಪು ಹೆಚ್ಚಿರುವ ಹೊರಮೈಗೆ ಉಪ್ಪಟಿ, ಕಟ್ಟೆಯ ಬುಡದ ಮೆತ್ತನೆ ಕೆಸರಿಗೆ ರೈಜೋಫೋರಾ ಮ್ಯುಕ್ರೊನಾಟ, ಸಿಹಿನೀರು ಹೆಚ್ಚು ತಾಗುವ ಮೇಲ್ಹೊಳೆಯ ದಡಕ್ಕೆ ಕಾಂಡೇಲಿಯಾ ಕಾಂಡೆಲ್. ರೈಜೋಫೋರಾದ ಮೊಳಕೆಯನ್ನು ತಲೆಯ ಬಳಿ ಹಳದಿ ಪಟ್ಟಿ ಕಂಡ ಮೇಲೆಯೇ ಆರಿಸಿ. ಹಸಿರಾಗಿರುವಾಗ ಕಿತ್ತದ್ದು ಬುತ್ತಿ ತುಂಬದ ಕೂಸು, ಕೊಳೆಯುತ್ತದೆ. ಮೂರನೇ ಒಂದು ಪಾಲು ಕೆಸರಿನಲ್ಲಿ ಇಳಿಯುವಂತೆ, ಒಂದರಿಂದ ಒಂದೂವರೆ ಮೀಟರ್ ಅಂತರದಲ್ಲಿ ಊರಿ. ಪೂರ್ತಿ ಹೂತರೆ ಉಸಿರಾಟ ನಿಂತು ಸಾಯುತ್ತದೆ, ಮೇಲುಮೇಲೆ ಊರಿದರೆ ಮೊದಲ ದೊಡ್ಡ ಭರತಕ್ಕೆ ಕಿತ್ತು ತೇಲುತ್ತದೆ. ಮೊದಲ ಎರಡು ಮಳೆಗಾಲ ಗಿಡ ಬೆಳೆದೇ ಇಲ್ಲ ಅನಿಸಿದರೆ ಕಿತ್ತು ಬೇರೆ ನೆಡಲು ಹೋಗಬೇಡಿ. ಬುಡದಲ್ಲಿ ಹೊಸ ಬೇರು ಇಳಿಯುತ್ತಿದೆಯೇ, ಪ್ರತಿ ಋತುವಿನಲ್ಲಿ ತುದಿಯಲ್ಲಿ ಹೊಸ ಜೋಡಿ ಎಲೆ ಬಿಚ್ಚುತ್ತಿದೆಯೇ ನೋಡಿ. ಎರಡೂ ಇದ್ದರೆ ಗಿಡ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ.